ಡ್ರ್ಯಾಗನ್ ಬೆನ್ನಿನಿಂದ ಇಳಿದವನು



ಈ ದತ್ತಿ ಉಪನ್ಯಾಸ ಒಬ್ಬ ಗ್ರಂಥಪಾಲಕರ ನೆನಪಿನದು. ಇಲ್ಲಿ ಆಡುವ ಮಾತು ಬರೆಯುವವರ ಬಗ್ಗೆ ಇರದೆ ಓದುವವರ ಬಗ್ಗೆ ಇರಬೇಕು ಎಂಬುದು ಅವರ ಆಸೆಯಾಗಿತ್ತಂತೆ. ಸಂಚಾಲಕರು ಫೋನಿನಲ್ಲಿ ಅದನ್ನು ಹೇಳಿದ ಕೂಡಲೇ ನನಗೆ ನೆನಪಾದದ್ದು ಒಂದು ಸಿಟ್ಟು. ಮೂವತ್ತು ವರ್ಷದ ಹಿಂದೆ ಒಂದು ಪುಸ್ತಕದ ಮೇಲೆ ನನಗೆ ಬಂದಿದ್ದ ಸಿಟ್ಟು. ಆ ಸಿಟ್ಟು ನನ್ನೊಬ್ಬಳದೇ ಆಗಿರಲಿಲ್ಲ, ಸಮುದ್ರದಾಚೆ ಸಾವಿರಾರು ಜನ ಅದೇ ಪುಸ್ತಕದ ಮೇಲೆ ಅದೇ ಕಾರಣಕ್ಕೆ ಸಿಟ್ಟಾಗಿದ್ದರು ಎಂದು ಆಮೇಲೆ ತಿಳಿಯಿತು. ಇವತ್ತು ಆ ಸಿಟ್ಟಿನ ಬಗ್ಗೆಯೇ ಮಾತಾಡುತ್ತೇನೆ.

ಮೈಸೂರಿನಲ್ಲಿ ಬಿ.ಎ. ಓದುವಾಗ ನಮ್ಮ ಹಾಸ್ಟೆಲಿನಲ್ಲಿ ಒಂದು ದಪ್ಪ ಪೆಂಗ್ವಿನ್ ಪುಸ್ತಕ ಕೈಯಿಂದ ಕೈಗೆ ಓಡಾಡುತ್ತಿತ್ತು. ಬೆನ್ನು ಬಿಟ್ಟುಹೋಗಿ ಮೂರು ಕಂತೆಯಾಗಿತ್ತು. ಒಳಗಿದ್ದದ್ದೂ ಮೂರು ಕಾದಂಬರಿಗಳೇ ಆದ್ದರಿಂದ ಒಬ್ಬಳು ಮೊದಲನೆಯದನ್ನು ಓದುವಾಗ ಇನ್ನೊಬ್ಬಳು ಎರಡನೆಯದನ್ನು ಹಿಡಿದು ಕೂರುತ್ತಿದ್ದಳು. ಅಮೆರಿಕದ ಉರ್ಸುಲಾ ಲೆ ಗ್ವಿನ್ ಹದಿಹರೆಯದವರಿಗೆಂದು ಬರೆದ ‘ಅರ್ಥ್‌ಸೀ’ ಸರಣಿ ಅದು. 1968ರಲ್ಲಿ ‘ಎ ವಿಝರ್ಡ್ ಆಫ್ ಅರ್ಥ್‌ಸೀ’, 1971ರಲ್ಲಿ ‘ದ ಟೂಂಬ್ಸ್ ಆಫ್ ಅಟುವಾನ್’, 1972ರಲ್ಲಿ ‘ದ ಫಾರ್ದೆಸ್ಟ್ ಶೋರ್’. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿದ್ದ ಪಾರ್ನಾಸಸ್ ಎಂಬ ಸಣ್ಣ ಪ್ರಕಾಶನದವರು ಸ್ವಲ್ಪ ದೊಡ್ಡ ಮಕ್ಕಳಿಗೆ ಏನಾದರೂ ಬರೆದುಕೊಡಿ ಎಂದು ಕೇಳಿದ್ದರಿಂದ ಹುಟ್ಟಿದ ಕಥೆ. ಕಥೆಗಳಲ್ಲಿ ಬರುವ ಬಿಳಿಗಡ್ಡದ ಮಾಂತ್ರಿಕರೆಲ್ಲ ಒಂದು ಕಾಲಕ್ಕೆ ಹುಡುಗರಾಗಿದ್ದಿರಬೇಕಲ್ಲ, ಅವರು ಆ ವಿದ್ಯೆಯನ್ನು ಎಲ್ಲಿ ಕಲಿತರು ಎಂದು ತನ್ನನ್ನೇ ಕೇಳಿಕೊಂಡೆ ಎಂದು ಲೇಖಕಿ ಹೇಳಿದ್ದಾರೆ. ಮಾಂತ್ರಿಕರ ಪಾಠಶಾಲೆ ಎಂದರೆ ಇವತ್ತಿನ ಮಕ್ಕಳಿಗೆ ಬೇರೆ ಹೆಸರು ನೆನಪಾಗುತ್ತದೆ. ರೋಕ್ ದ್ವೀಪದ ಈ ಶಾಲೆ ಅದಕ್ಕಿಂತ ಸುಮಾರು ಮೂವತ್ತು ವರ್ಷ ಹಿರಿಯದು.

ಕಥೆಯನ್ನು ಬಲ್ಲವರು ಒಂದು ನಿಮಿಷ ಸಹಿಸಿಕೊಳ್ಳಬೇಕು. ಗಾಂಟ್ ಎಂಬ ಬೆಟ್ಟದ ದ್ವೀಪದಲ್ಲಿ ಆಡು ಕಾಯುವ, ತಾಯಿಯಿಲ್ಲದ ಹುಡುಗ ಗೆಡ್. ಮೈಬಣ್ಣ ಕೆಂಪುಗಂದು, ಆ ಲೋಕದಲ್ಲಿ ಬಹುಪಾಲು ಜನ ನಮ್ಮ ಹಾಗೆ ಕಂದುಬಣ್ಣದವರು ಅಥವಾ ಕಪ್ಪು ಜನ. ಮುಖಪುಟ ಬರೆಯುವವರು ಮಾತ್ರ ವರ್ಷಗಟ್ಟಲೆ ಅವನನ್ನು ಬೆಳ್ಳಗೆ ಮಾಡಿದರು. 2004ರಲ್ಲಿ ಕಥೆಯನ್ನು ಟಿ.ವಿ.ಗೆ ತಂದವರೂ ಅದನ್ನೇ ಮಾಡಿದಾಗ ಲೇಖಕಿ ಬಹಿರಂಗವಾಗಿ ಪ್ರತಿಭಟಿಸಿದರು. ಕಥೆಯ ನಾಯಕನಲ್ಲಿ ತಮ್ಮ ಮೈಬಣ್ಣವನ್ನು ಕಂಡ ಓದುಗರು ತನಗೆ ಬರೆದ ಪತ್ರಗಳ ಬಗ್ಗೆಯೂ ಆಗ ಹೇಳಿದರು. ಮೊದಲ ಪುಸ್ತಕದಲ್ಲಿ ಗೆಡ್ ಅಹಂಕಾರದಿಂದ ಒಂದು ನೆರಳನ್ನು ಲೋಕಕ್ಕೆ ಬಿಟ್ಟು, ಕೊನೆಗೆ ಅದನ್ನು ತನ್ನದೇ ಹೆಸರಿನಿಂದ ಕರೆದು ಒಂದಾಗುತ್ತಾನೆ. ಎರಡನೆಯದರಲ್ಲಿ ಟೆನಾರ್ ಎಂಬ ಹುಡುಗಿ. ಎಳೆವಯಸ್ಸಿನಲ್ಲೇ ಮನೆಯಿಂದ ಅವಳನ್ನು ಕಿತ್ತುಕೊಂಡು, ಹೆಸರನ್ನೂ ಕಿತ್ತುಕೊಂಡು, ಕತ್ತಲ ಸಮಾಧಿಗಳ ಪೂಜಾರಿಣಿಯನ್ನಾಗಿ ಮಾಡಿರುತ್ತಾರೆ. ಅವಳಿಗೆ ಅವಳ ಹೆಸರನ್ನು ಗೆಡ್ ಮರಳಿ ಕೊಡುತ್ತಾನೆ, ಅವನ ಜೀವವನ್ನು ಅವಳು ಉಳಿಸುತ್ತಾಳೆ. ಮೂರನೆಯದರಲ್ಲಿ ಮಹಾಮಾಂತ್ರಿಕನಾದ ಗೆಡ್ ಸತ್ತವರ ನಾಡಿಗೆ ಹೋಗಿ, ಲೋಕದ ಸತ್ವವೆಲ್ಲ ಸೋರಿಹೋಗುತ್ತಿದ್ದ ಬಿರುಕನ್ನು ತನ್ನ ಶಕ್ತಿಯನ್ನೆಲ್ಲ ಸುರಿದು ಮುಚ್ಚುತ್ತಾನೆ. ಬರಿಗೈಯಾದವನನ್ನು ಕಲೆಸಿನ್ ಎಂಬ ಅತಿ ಹಿರಿಯ ಡ್ರ್ಯಾಗನ್ ಬೆನ್ನ ಮೇಲೆ ಹೊತ್ತು ಹಾರಿಹೋಗುತ್ತದೆ.

ಅಲ್ಲಿಗೆ ಮುಗಿಯಿತು ಎಂದೇ ಎಲ್ಲರೂ ತಿಳಿದದ್ದು. ಕೊನೆಯ ಪುಟದಲ್ಲಿ ಎರಡು ಐತಿಹ್ಯಗಳಿವೆ. ಹೊಸ ಅರಸನ ಪಟ್ಟಾಭಿಷೇಕಕ್ಕೆ ಬಂದ ಗೆಡ್ ತನ್ನ ಪುಟ್ಟ ದೋಣಿಯಲ್ಲಿ ಒಬ್ಬನೇ ಕಡಲಿಗೆ ಹೋದನೆಂದು ಒಂದು ಹಾಡು ಹೇಳುತ್ತದೆ. ಗಾಂಟ್ ದ್ವೀಪದವರು ಹೇಳುವುದೇ ಬೇರೆ: ಅರಸನೇ ಹುಡುಕಿಕೊಂಡು ಬಂದರೂ ಸಿಗದೆ ಗೆಡ್ ಬೆಟ್ಟದ ಕಾಡಿಗೆ ನಡೆದುಹೋದ. ಹಾಸ್ಟೆಲಿನಲ್ಲಿ ನಾವು ದೋಣಿಯ ಪಕ್ಷ, ಕಾಡಿನ ಪಕ್ಷ ಎಂದು ಎರಡು ಪಾಳಯವಾಗಿದ್ದೆವು. ನಾನು ಕಾಡಿನ ಪಕ್ಷ. ‘ದ ಫಾರ್ದೆಸ್ಟ್ ಶೋರ್’ಗೆ ಅಮೆರಿಕದ ನ್ಯಾಷನಲ್ ಬುಕ್ ಪ್ರಶಸ್ತಿ ಬಂದಿತ್ತು. ತ್ರಿವಳಿ ಎಂಬ ಹೆಸರು ಗಟ್ಟಿಯಾಗಿತ್ತು.

1990ರಲ್ಲಿ ನಾಲ್ಕನೆಯದು ಬಂತು. ‘ತೆಹಾನು’. ನಡುವೆ ಹೋದದ್ದು ಹದಿನೆಂಟು ವರ್ಷ. ಹನ್ನೆರಡರ ವಯಸ್ಸಿನಲ್ಲಿ ಮೂರನೆಯದನ್ನು ಓದಿದ್ದ ಹುಡುಗನಿಗೆ ಈಗ ಮೂವತ್ತು ವರ್ಷ, ಮದುವೆ, ಮಗು, ಸಾಲ. ಆದರೆ ಅರ್ಥ್‌ಸೀಯಲ್ಲಿ ಒಂದು ದಿನವೂ ಕಳೆದಿರಲಿಲ್ಲ. 1972ರಲ್ಲಿ ಡ್ರ್ಯಾಗನ್ ಬೆನ್ನೇರಿ ಹೊರಟವನು 1990ರಲ್ಲಿ ಅದೇ ಡ್ರ್ಯಾಗನ್ ಬೆನ್ನಿನಿಂದ ಗಾಂಟ್ ದ್ವೀಪದ ಬಂಡೆಯಂಚಿನಲ್ಲಿ ಇಳಿಯುತ್ತಾನೆ. ಆ ಹಾರಾಟ ಮುಗಿಯುವಷ್ಟರಲ್ಲಿ ಓದುಗರ ಯೌವನವೇ ಮುಗಿದಿತ್ತು. ಈ ಸರಣಿಯ ಓದುಗರ ಪ್ರತಿಕ್ರಿಯೆಯನ್ನು ಅರ್ಥ ಮಾಡಿಕೊಳ್ಳಬೇಕಾದವರು ಈ ಲೆಕ್ಕದಿಂದ ಶುರುಮಾಡಬೇಕು ಎಂಬುದು ನನ್ನ ಅನಿಸಿಕೆ.

ಇಳಿದವನು ಯಾರು? ಪ್ರಜ್ಞೆ ತಪ್ಪಿದ, ಸೊರಗಿದ, ಒಂದು ದೀಪ ಹಚ್ಚುವಷ್ಟೂ ಮಂತ್ರ ಉಳಿಯದ ನಡುವಯಸ್ಸಿನ ಗಂಡಸು. ಅವನ ಆರೈಕೆಗೆ ನಿಲ್ಲುವವಳು ಟೆನಾರ್. ಮುರಿದು ಮತ್ತೆ ಒಂದಾದ ರಾಜಮುದ್ರೆಯ ಬಳೆಯನ್ನು ರಾಜಧಾನಿಗೆ ತಂದ ಆ ಹುಡುಗಿ ಮಹಾ ಮಾಂತ್ರಿಕಳೋ ರಾಣಿಯೋ ಆಗಿರುತ್ತಾಳೆ ಎಂದು ನಾವು ಅಂದುಕೊಂಡಿದ್ದೆವು. ಅವಳು ಒಬ್ಬ ರೈತನನ್ನು ಮದುವೆಯಾಗಿ, ಎರಡು ಮಕ್ಕಳನ್ನು ಹೆತ್ತು, ಈಗ ವಿಧವೆ. ಹೊಲ, ಕುರಿ, ಹಿಂಡಿದ ಹಾಲು, ನೆರೆಯವರ ಮಾತು. ಅವಳ ಮಡಿಲಿಗೆ ಥೆರು ಎಂಬ ಮಗು ಬಂದು ಬಿದ್ದಿದೆ. ಹೆತ್ತವರೂ ಅವರ ಸಂಗಡಿಗರೂ ಕೆಡಿಸಿ, ಹೊಡೆದು, ಬೆಂಕಿಗೆ ತಳ್ಳಿದ ಮಗು. ಮುಖದ ಅರ್ಧ ಸುಟ್ಟಿದೆ, ಒಂದು ಕೈ ಮುದುಡಿ ಹಕ್ಕಿಯ ಪಂಜದಂತಾಗಿದೆ.

ನಾನು ಇದನ್ನು ಓದಿದ್ದು ತೊಂಬತ್ತರ ದಶಕದ ಮೊದಲಲ್ಲಿ, ಕೆಲಸಕ್ಕೆ ಸೇರಿದ ಹೊಸತರಲ್ಲಿ. ಬೆಂಗಳೂರಿನ ಹಳೆಪುಸ್ತಕದ ಅಂಗಡಿಯಲ್ಲಿ ಕಂಡು, ಕೈ ನಡುಗುವಷ್ಟು ಖುಷಿಯಿಂದ ಕೊಂಡು, ಬಸ್ಸಿನಲ್ಲೇ ಓದಲು ಶುರುಮಾಡಿದೆ. ಗೆಡ್ ಇಳಿದ ಮೇಲೆ ನೂರು ಪುಟ ಕಾದೆ. ಶಕ್ತಿ ಮರಳುತ್ತದೆ, ಮರಳಲೇಬೇಕು ಎಂದು ಕಾದೆ. ಅವನು ಅಳುತ್ತಾನೆ, ನಾಚಿಕೆಪಡುತ್ತಾನೆ, ಜನರಿಂದ ತಪ್ಪಿಸಿಕೊಳ್ಳುತ್ತಾನೆ, ಬೆಟ್ಟಕ್ಕೆ ಹೋಗಿ ಮತ್ತೆ ಆಡು ಕಾಯುತ್ತಾನೆ. ಪುಸ್ತಕವನ್ನು ಮುಚ್ಚಿ ಕಪಾಟಿನ ಹಿಂದಿನ ಸಾಲಿಗೆ ತಳ್ಳಿದೆ. ನನ್ನದೊಂದು ವಸ್ತುವನ್ನು ಯಾರೋ ನನ್ನನ್ನು ಕೇಳದೆ ಮಾರಿಬಿಟ್ಟರು ಎನ್ನುವಂಥ ಸಂಕಟ ಅದು.

ಅಮೆರಿಕ, ಇಂಗ್ಲೆಂಡುಗಳಲ್ಲಿ ಬಂದ ಪ್ರತಿಕ್ರಿಯೆಯಲ್ಲೂ ಈ ಸಂಕಟವೇ ಕಾಣುತ್ತದೆ. ನಮ್ಮ ನಾಯಕನನ್ನು ಗಂಡಸುತನವಿಲ್ಲದವನನ್ನಾಗಿ ಮಾಡಿದರು ಎಂದರು ಕೆಲವರು. ಲೇಖಕಿ ಸ್ತ್ರೀವಾದಿಯಾದ ಮೇಲೆ ಹಳೆಯ ಕಥೆಯ ಮೇಲೆ ಸೇಡು ತೀರಿಸಿಕೊಂಡರು, ಕಥೆಯೊಳಗೆ ರಾಜಕೀಯ ತಂದರು ಎಂದರು ಇನ್ನು ಕೆಲವರು. ಇನ್ನೊಂದು ದಿಕ್ಕಿನಿಂದಲೂ ಆಕ್ಷೇಪ ಬಂತು: ಸ್ತ್ರೀವಾದವೇ ಆದರೆ ಟೆನಾರ್ ಯಾಕೆ ಇನ್ನೂ ಅಡುಗೆಮನೆಯಲ್ಲಿದ್ದಾಳೆ, ಯಾಕೆ ಗಂಡಸರಿಗೆ ಬಡಿಸುತ್ತಿದ್ದಾಳೆ? ಮಗುವಿನ ಮೇಲಾದ ಕ್ರೌರ್ಯವನ್ನು ಕಂಡು ಇದು ಮಕ್ಕಳ ಪುಸ್ತಕವೇ ಎಂದು ಕೇಳಿದವರೂ ಇದ್ದರು. ಮೆಚ್ಚಿದವರು ಕಡಿಮೆಯೇನಿರಲಿಲ್ಲ. ತಾನೂ ಯುವ ಓದುಗರಿಗೆ ಫ್ಯಾಂಟಸಿ ಬರೆಯುವ ರಾಬಿನ್ ಮೆಕಿನ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಮನಸಾರೆ ಹೊಗಳಿದರು. ವಿಜ್ಞಾನ ಕಥೆ, ಫ್ಯಾಂಟಸಿ ಬರೆಯುವವರೇ ಮತ ಹಾಕಿ ಕೊಡುವ ನೆಬ್ಯುಲಾ ಪ್ರಶಸ್ತಿ ಆ ವರ್ಷ ಇದಕ್ಕೇ ಸಂದಿತು. ಆದರೆ ಪ್ರಶಸ್ತಿ ಕೊಡುವವರ ಸಂತೋಷಕ್ಕೂ ಹನ್ನೆರಡನೆಯ ವಯಸ್ಸಿನಿಂದ ಗೆಡ್‌ನನ್ನು ಎದೆಯಲ್ಲಿ ಇಟ್ಟುಕೊಂಡು ಬಂದವರ ದುಃಖಕ್ಕೂ ಸಂಬಂಧವಿಲ್ಲ. ಆ ದುಃಖವನ್ನು ಅಜ್ಞಾನ ಎಂದು ತಳ್ಳಿಹಾಕುವ ವಿಮರ್ಶಕರನ್ನು ನಾನು ಒಪ್ಪುವುದಿಲ್ಲ. ಪ್ರೀತಿಸದವರು ಇಷ್ಟು ನೋಯುವುದಿಲ್ಲ.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ಎರಡನೆಯ ಸಲ ಓದಿದಾಗ ನನಗೆ ಕಂಡದ್ದು ಇದು: ಆ ಸಿಟ್ಟಾದ ಓದುಗರು ಪುಸ್ತಕದ ಒಳಗೇ ಇದ್ದಾರೆ. ಕಥೆಯ ನಡುವೆ ಹೊಸ ಅರಸ ಲೆಬಾನೆನ್ ಕಳಿಸಿದ ದೂತರು ಗಾಂಟ್ ದ್ವೀಪಕ್ಕೆ ಬರುತ್ತಾರೆ. ಒಳ್ಳೆಯ ಜನ, ವಿನಯವಂತರು. ಪಟ್ಟಾಭಿಷೇಕಕ್ಕೆ ಮಹಾಮಾಂತ್ರಿಕ ಬರಬೇಕು, ಅವನೇ ಕಿರೀಟ ಇಡಬೇಕು, ಎಲ್ಲಿದ್ದಾನೆ ಎಂದು ಕೇಳುತ್ತಾರೆ. ಅವರಿಗೆ ಬೇಕಾದ ಗೆಡ್ ಮೂರನೆಯ ಪುಸ್ತಕದ ಗೆಡ್. ನಮಗೆ ಬೇಕಾದವನೂ ಅವನೇ. ಇತ್ತ ಗೆಡ್ ಅವರ ಕಣ್ಣಿಗೆ ಬೀಳಬಾರದೆಂದು ಅಡಗಿದ್ದಾನೆ. ಟೆನಾರ್ ಸುಳಿವು ಬಿಟ್ಟುಕೊಡದೆ ಅವರನ್ನು ಮರ್ಯಾದೆಯಿಂದ ಸಾಗಹಾಕುತ್ತಾಳೆ. ಬಂದವರಲ್ಲಿ ದುರುದ್ದೇಶವಿಲ್ಲ. ಅವರ ಗೌರವವೇ ಗೆಡ್‌ಗೆ ಹೊರಲಾರದ ಹೊರೆ. ಇಷ್ಟು ವರ್ಷ ನಾನು ಅವನ ಮೇಲೆ ಹೊರಿಸಿದ್ದೂ ಅದೇ ಹೊರೆ ಎಂದು ಆ ಪುಟದಲ್ಲಿ ಅರಿವಾಯಿತು. ಮುಂದೆ ಅರಸನೇ ಟೆನಾರ್‌ಳನ್ನು ಹಡಗಿನಲ್ಲಿ ಕಂಡು ಮಾತಾಡುತ್ತಾನೆ. ಗೆಡ್‌ನನ್ನು ಅವನಷ್ಟು ಪ್ರೀತಿಸಿದವರು ಇನ್ನೊಬ್ಬರಿಲ್ಲ. ಅವಳ ಮಾತಿನಿಂದ ಪರಿಸ್ಥಿತಿಯನ್ನು ಗ್ರಹಿಸಿಕೊಂಡ ಅವನು ಒತ್ತಾಯ ಮಾಡುವುದಿಲ್ಲ. ದೂತರಂಥ ಓದುಗರೂ ಅರಸನಂಥ ಓದುಗರೂ ಇರುತ್ತಾರೆ ಎಂದು ಬರೆಯುವಾಗಲೇ ಲೇಖಕಿಗೆ ಗೊತ್ತಿತ್ತು ಎನಿಸುತ್ತದೆ.

ಲೆ ಗ್ವಿನ್ ಓದುಗರಿಗೆ ಉತ್ತರ ಕೊಟ್ಟದ್ದು ನಾವು ಈಗ ಕೂತಿರುವಂಥದೇ ಒಂದು ಸಭೆಯಲ್ಲಿ. 1992ರಲ್ಲಿ ಆಕ್ಸ್‌ಫರ್ಡಿನಲ್ಲಿ ಮಾಡಿದ ಉಪನ್ಯಾಸ ಮರುವರ್ಷ ‘ಅರ್ಥ್‌ಸೀ ರಿವಿಷನ್ಡ್’ ಎಂಬ ಪುಟ್ಟ ಪುಸ್ತಕವಾಯಿತು. ವೀರಗಾಥೆ ಎಂಬುದು ಗಂಡಸರ ಮನೆಯಾಗಿತ್ತು, ಆ ಮನೆಯ ಕಟ್ಟಳೆಗಳನ್ನು ಪ್ರಶ್ನಿಸದೆ ತಾನೂ ಒಳಗೆ ಹೋಗಿ ಕೂತಿದ್ದೆ ಎಂಬುದು ಅಲ್ಲಿ ಅವರು ಹೇಳಿದ್ದರ ಸಾರ. ರೋಕ್ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲ, ಹೆಂಗಸರ ಮಂತ್ರ ಬಲಹೀನ, ಕೆಟ್ಟದ್ದು ಎಂಬ ಗಾದೆ ಮೊದಲ ಪುಸ್ತಕದಲ್ಲೇ ಇದೆ. 1968ರಲ್ಲಿ ಅದನ್ನು ಓದಿದ ಹೆಚ್ಚಿನವರಿಗೆ ಅಲ್ಲಿ ಏನೂ ಚುಚ್ಚಲಿಲ್ಲ, ಬರೆದವರಿಗೂ ಚುಚ್ಚಿರಲಿಲ್ಲ. ಮೂರನೆಯದನ್ನು ಮುಗಿಸಿದ ಸ್ವಲ್ಪ ಕಾಲಕ್ಕೇ ನಾಲ್ಕನೆಯದು ಟೆನಾರ್‌ಳ ಕಥೆಯಾಗಬೇಕು ಎಂದು ಅವರಿಗೆ ತಿಳಿದಿತ್ತು. ಶುರುಮಾಡಿದರು, ಮುಂದೆ ಹೋಗಲಾಗದೆ ನಿಲ್ಲಿಸಿದರು. ಹೆಣ್ಣಾಗಿ ಬರೆಯುವುದನ್ನು ಕಲಿಯುವುದಕ್ಕೇ ಅಷ್ಟು ವರ್ಷ ಹಿಡಿಯಿತು. ತನ್ನ ಹಳೆಯ ಬರಹದ ಮೇಲೆ ತಾನೇ ಪ್ರಶ್ನೆ ಎತ್ತುವುದು ಅವರಿಗೆ ಹೊಸದಾಗಿರಲಿಲ್ಲ. ಲಿಂಗದ ಬಗ್ಗೆ 1976ರಲ್ಲಿ ಪ್ರಕಟಿಸಿದ್ದ ಒಂದು ಪ್ರಬಂಧವನ್ನು ಆಮೇಲೆ ಮತ್ತೆ ಅಚ್ಚು ಮಾಡಿದಾಗ ಮೂಲವನ್ನು ಹಾಗೇ ಉಳಿಸಿ, ಎಲ್ಲೆಲ್ಲಿ ತಪ್ಪಿದೆ ಎಂದು ಪಕ್ಕದಲ್ಲೇ ಬರೆದು ಸೇರಿಸಿದರು. ‘ತೆಹಾನು’ವಿನ ರೀತಿಯೂ ಅದೇ. ಹಳೆಯ ಮೂರು ಪುಸ್ತಕಗಳ ಯಾವ ಘಟನೆಯನ್ನೂ ಅದು ಸುಳ್ಳು ಮಾಡುವುದಿಲ್ಲ. ಗೆಡ್‌ನ ಶಕ್ತಿ ಮುಗಿಯಿತೆಂದು ಮೂರನೆಯದೇ ಹೇಳಿತ್ತು. ನಾವು ಅದನ್ನು ಹಾಡಿನ ಚೆಲುವಿನಲ್ಲಿ ಕೇಳಿಸಿಕೊಂಡು, ಅದರ ಮರುದಿನ ಬೆಳಗ್ಗೆ ಅವನು ಏಳಬೇಕು, ಮುಖ ತೊಳೆಯಬೇಕು ಎಂದು ಯೋಚಿಸಿರಲಿಲ್ಲ.

ಕನ್ನಡದ ಓದುಗರಿಗೆ ಈ ಬಗೆಯ ಜಗಳ ಅಪರಿಚಿತವಲ್ಲ. 1944ರಲ್ಲಿ ಕುವೆಂಪು ‘ಶೂದ್ರ ತಪಸ್ವಿ’ ನಾಟಕ ಬರೆದಾಗ ಮಾಸ್ತಿಯವರು ಆಕ್ಷೇಪಿಸಿದರು. ಪೂರ್ವಿಕರ ಕಥೆಯನ್ನು ಬದಲಿಸುವುದಕ್ಕಿಂತ ಹೊಸದೊಂದು ಕಥೆಯನ್ನೇ ಹೂಡಬಹುದಲ್ಲ ಎಂಬುದು ಅವರ ಮಾತಿನ ತಿರುಳು. ಕುವೆಂಪು ಉತ್ತರ ಕೊಟ್ಟರು, ನಾಟಕ ಉಳಿಯಿತು, ಮಾಸ್ತಿಯವರ ಪ್ರಶ್ನೆಯೂ ಉಳಿಯಿತು. ಇಬ್ಬರೂ ಎಂಥ ದೊಡ್ಡ ಓದುಗರು! ಅಲ್ಲಿ ಜಗಳ ಎಲ್ಲರಿಗೂ ಸೇರಿದ ಕಥೆಯ ಮೇಲೆ. ಲೆ ಗ್ವಿನ್ ಹೊಸ ಅಧ್ಯಾಯ ಬರೆದದ್ದು ತಾನೇ ಕಟ್ಟಿದ ಕಥೆಗೆ. ಆದರೂ ಓದುಗರು ಅದು ತಮ್ಮದು ಎಂದರು. ಹದಿನೆಂಟು ವರ್ಷ ಕಾಪಾಡಿಕೊಂಡ ಕಥೆ ಅಷ್ಟರಮಟ್ಟಿಗೆ ಓದುಗರದೂ ಹೌದು, ಅದನ್ನು ನಾನು ಅಲ್ಲಗಳೆಯಲಾರೆ.

ನಾನು ಎರಡನೆಯ ಸಲ ಓದಿದ ಹೊತ್ತಿನ ಬಗ್ಗೆ ಹೇಳಬೇಕು. ಅಮ್ಮ ಹಾಸಿಗೆ ಹಿಡಿದ ವರ್ಷ ಅದು. ಶಾಲೆಯ ಕೆಲಸ ಮುಗಿಸಿ ಬಂದು ಅವರಿಗೆ ಗಂಜಿ ಕುಡಿಸಿ, ಮೈ ಒರೆಸಿ, ಬಟ್ಟೆ ಹಿಂಡಿ, ಪಾತ್ರೆ ತಿಕ್ಕಿ ಕೂರುವಷ್ಟರಲ್ಲಿ ಹನ್ನೊಂದಾಗುತ್ತಿತ್ತು. ನಿದ್ದೆ ಬಾರದ ಒಂದು ರಾತ್ರಿ ಕಪಾಟಿನ ಹಿಂದಿನ ಸಾಲಿನಿಂದ ಆ ಪುಸ್ತಕ ತೆಗೆದೆ. ಮೊದಲ ಓದಿನಲ್ಲಿ ಏನೂ ನಡೆಯುವುದಿಲ್ಲ ಎಂದು ನನಗೆ ಅನಿಸಿದ್ದ ಪುಟಗಳಲ್ಲಿ ಈ ಸಲ ಎಷ್ಟೊಂದು ನಡೆಯುತ್ತಿತ್ತು! ಸುಟ್ಟ ಮಗುವಿಗೆ ಟೆನಾರ್ ಕೆಂಪು ಬಟ್ಟೆಯಲ್ಲಿ ಅಂಗಿ ಹೊಲಿಯುತ್ತಾಳೆ. ಸಾಯುತ್ತಿರುವ ಹಳೆಯ ಗುರು ಓಗಿಯನ್‌ನ ಪಕ್ಕ ಕೂರುತ್ತಾಳೆ. ಊರವರು ಆಂಟಿ ಮಾಸ್ ಎನ್ನುವ, ಸ್ನಾನ ಕಾಣದ, ಶಾಸ್ತ್ರಬದ್ಧ ವಿದ್ಯೆಯಿಲ್ಲದ ಮಾಟಗಾತಿಯ ಜೊತೆ ಬಾಗಿಲಲ್ಲಿ ಕೂತು ಗಂಡಸರ ಶಕ್ತಿ ಎಂದರೇನು, ಹೆಂಗಸರ ಶಕ್ತಿ ಎಂದರೇನು ಎಂದು ಹರಟುತ್ತಾಳೆ. ಆಮೇಲೆ ಅವಳ ಮಗ ಬರುತ್ತಾನೆ. ಕಡಲಿಗೆ ಹೋಗಿದ್ದ ಮಗ. ಉಣ್ಣುತ್ತಾನೆ, ಊಟದ ತಟ್ಟೆಯನ್ನು ಅಲ್ಲೇ ಬಿಟ್ಟು ಏಳುತ್ತಾನೆ. ಅದು ಹೆಂಗಸರ ಕೆಲಸ ಅವನಿಗೆ. ನಾನು ಎಲ್ಲಿ ತಪ್ಪಿದೆ ಎಂದು ಟೆನಾರ್ ತನ್ನನ್ನೇ ಕೇಳಿಕೊಳ್ಳುತ್ತಾಳೆ. ಡ್ರ್ಯಾಗನ್ನುಗಳ ಜೊತೆ ಮಾತಾಡಿದ ಗೆಡ್‌ಗೆ ಮಾತ್ರ ಆ ಕೆಲಸ ಕೀಳಲ್ಲ.

ಆ ತಟ್ಟೆಯ ಪ್ರಸಂಗ ಎಷ್ಟೋ ಓದುಗರನ್ನು ಕೆರಳಿಸಿದೆ. ಮಹಾಕಥೆಯಲ್ಲಿ ಪಾತ್ರೆ ತೊಳೆಯುವ ವಿಚಾರವೇ ಎಂದು. ನನ್ನ ಕೈ ಆ ರಾತ್ರಿ ಬೂದಿಯ ವಾಸನೆ ಹೊಡೆಯುತ್ತಿತ್ತು. ಮೂರು ಪುಸ್ತಕಗಳ ಉದ್ದಕ್ಕೂ ಗೆಡ್ ಊಟ ಮಾಡಿದ್ದಾನೆ, ಅವನ ತಟ್ಟೆಯನ್ನು ಯಾರೋ ತೊಳೆದಿದ್ದಾರೆ, ನಾನು ಒಮ್ಮೆಯೂ ಅವರ ಮುಖ ನೋಡಿರಲಿಲ್ಲ. ಲೇಖಕಿ ಹೊಸದೇನನ್ನೂ ತಂದು ಸೇರಿಸಿಲ್ಲ. ಮೊದಲಿನಿಂದಲೂ ಅಲ್ಲೇ ಇದ್ದ ಹಿತ್ತಲ ಬಾಗಿಲನ್ನು ತೆರೆದಿದ್ದಾರೆ.

ಒಂದು ದೂರನ್ನು ಮಾತ್ರ ನಾನು ಇಂದಿಗೂ ಒಪ್ಪುತ್ತೇನೆ. ಕೊನೆ ಅವಸರದ್ದು. ಆಸ್ಪೆನ್ ಎಂಬ ಕ್ರೂರ ಮಾಂತ್ರಿಕ ಟೆನಾರ್‌ಳನ್ನೂ ಗೆಡ್‌ನನ್ನೂ ಮಂತ್ರದಿಂದ ಕಟ್ಟಿ ಬಂಡೆಯಂಚಿಗೆ ನಡೆಸುತ್ತಾನೆ, ಮಗು ಯಾರೂ ಕಲಿಸದ ಆದಿಭಾಷೆಯಲ್ಲಿ ಕಲೆಸಿನ್‌ನನ್ನು ಕೂಗುತ್ತದೆ, ಡ್ರ್ಯಾಗನ್ ಬಂದು ಆಸ್ಪೆನ್‌ನನ್ನು ಸುಟ್ಟುಬಿಡುತ್ತದೆ. ಮಗುವಿನ ನಿಜನಾಮ ತೆಹಾನು ಎಂದು ತಿಳಿಯುವ ಆ ಗಳಿಗೆ ರೋಮಾಂಚಕವೇ. ಆದರೆ ಅಷ್ಟು ನಿಧಾನವಾಗಿ, ಬೆಂದು ಬೆಂದು ಹದವಾದ ಕಥೆಯಲ್ಲಿ ಹಗೆತನ ಒಂದೇ ಉಸಿರಿಗೆ ತೀರಿಹೋಗುವುದು ನನಗೆ ಸಾಲದು. ಇನ್ನೊಂದು ಇಪ್ಪತ್ತು ಪುಟ ಅದಕ್ಕೆ ಸಲ್ಲಬೇಕಿತ್ತು.

ಕೆಲವು ಬೇಸಿಗೆಗಳ ಹಿಂದೆ ನನ್ನ ತಂಗಿಯ ಮಗಳು ರಜೆಗೆ ಬಂದಿದ್ದಳು. ಹದಿನಾಲ್ಕು ವರ್ಷ. ಅರ್ಥ್‌ಸೀಯನ್ನು ಒಂದರ ಹಿಂದೊಂದು, ಮಾವಿನಹಣ್ಣು ತಿನ್ನುವ ಹಾಗೆ ಓದಿದಳು. ‘ತೆಹಾನು’ ಕೈಗೆ ಬಂದಾಗ ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಗೆಡ್ ಶಕ್ತಿ ಕಳೆದುಕೊಂಡಿದ್ದು ಅವಳಿಗೆ ಆಘಾತವೇ ಆಗಲಿಲ್ಲ. “ಹೋದ ಪುಸ್ತಕದಲ್ಲೇ ಹೋಯ್ತಲ್ಲ ದೊಡ್ಡಮ್ಮ,” ಎಂದಳು. ಅವಳಿಗೆ ಹದಿನೆಂಟು ವರ್ಷದ ಕಾಯುವಿಕೆ ಇರಲಿಲ್ಲ, ಎರಡು ಪುಸ್ತಕಗಳ ನಡುವೆ ಒಂದು ಮಧ್ಯಾಹ್ನದ ನಿದ್ದೆ ಅಷ್ಟೆ. ಅವಳು ಮತ್ತೆ ಮತ್ತೆ ಕೇಳಿದ್ದು ಒಂದೇ: “ಥೆರು ಮುಖ ಕೊನೆಗಾದರೂ ಸರಿಹೋಗುತ್ತಾ?” ಮಂತ್ರ ತುಂಬಿದ ಲೋಕದಲ್ಲಿ ಒಂದು ಮಗುವಿನ ಸುಟ್ಟಗಾಯಕ್ಕೆ ಮಂತ್ರವಿಲ್ಲವೆಂದರೆ ಏನರ್ಥ ಎಂದು ಸಿಟ್ಟಾದಳು. ಅದು ನನ್ನ ಸಿಟ್ಟಿಗಿಂತ ದೊಡ್ಡದಾಗಿತ್ತು. ಆ ಪುಸ್ತಕದಲ್ಲಿ ಸರಿಹೋಗುವುದಿಲ್ಲ ಎಂದು ಹೇಳಬೇಕಾಯಿತು. ಅವಳು ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ನನ್ನ ಪೀಳಿಗೆ ಗೆಡ್‌ಗಾಗಿ ಅತ್ತಿತು, ಅವಳದು ಥೆರುಗಾಗಿ. ಲೇಖಕಿ ಯಾರ ಕಡೆ ನೋಡಿ ಎಂದು ಬೆರಳು ತೋರಿಸಿದ್ದರೋ ಅವರ ಕಡೆಗೇ ಆ ಹುಡುಗಿ ನೇರವಾಗಿ ನೋಡಿದ್ದಳು.

‘ತೆಹಾನು’ವಿಗೆ ಅರ್ಥ್‌ಸೀಯ ಕೊನೆಯ ಪುಸ್ತಕ ಎಂಬ ಉಪಶೀರ್ಷಿಕೆ ಇತ್ತು. ಕೊನೆಯಾಗಲಿಲ್ಲ. 2001ರಲ್ಲಿ ‘ಟೇಲ್ಸ್ ಫ್ರಮ್ ಅರ್ಥ್‌ಸೀ’ ಎಂಬ ಕಥಾಸಂಕಲನ ಬಂತು. ರೋಕ್ ಶಾಲೆಯನ್ನು ಕಟ್ಟಿದವರಲ್ಲಿ ಹೆಂಗಸರೂ ಇದ್ದರು, ಆಮೇಲೆ ಅವರನ್ನು ಹೊರಗಿಟ್ಟರು ಎಂದು ಅದರಲ್ಲಿ ತಿಳಿಯುತ್ತದೆ. ಅದೇ ವರ್ಷ ‘ದ ಅದರ್ ವಿಂಡ್’ ಎಂಬ ಕಾದಂಬರಿ. ಲೇಖಕಿ 2018ರ ಜನವರಿಯಲ್ಲಿ ಪೋರ್ಟ್‌ಲೆಂಡಿನಲ್ಲಿ ತೀರಿಕೊಂಡರು.

ತಂಗಿಯ ಮಗಳು ಸರಿಯಾಗಿ ಉಣ್ಣದ ಆ ರಾತ್ರಿ ಕಳೆದು ಮರುದಿನ ಬೆಳಗ್ಗೆ ಜಗಲಿಯಲ್ಲಿ ಕಾಲು ಚಾಚಿ ಕೂತು ‘ದ ಅದರ್ ವಿಂಡ್’ ತೆರೆದಳು. ಒಡೆದ ಪಾತ್ರೆಗಳನ್ನು ಕೂಡಿಸುವ ಮಂತ್ರವನ್ನಷ್ಟೇ ಬಲ್ಲ ಆಲ್ಡರ್ ಎಂಬವನು, ಸತ್ತ ಹೆಂಡತಿ ಕನಸಿನಲ್ಲಿ ಕರೆಯುವ ಸಂಕಟಕ್ಕೆ ಪರಿಹಾರ ಹುಡುಕುತ್ತ, ಹಿಂದೆ ಮಹಾಮಾಂತ್ರಿಕನಾಗಿದ್ದವನು ಎಲ್ಲಿದ್ದಾನೆ ಎಂದು ಕೇಳಿಕೊಂಡು ಗಾಂಟ್ ದ್ವೀಪದ ಬೆಟ್ಟ ಹತ್ತುತ್ತಾನೆ. ಒಂದು ಹಳೆಯ ಮನೆಯ ಹಿತ್ತಲಲ್ಲಿ ಏಣಿ ಹಾಕಿಕೊಂಡು ಒಬ್ಬ ಮುದುಕ ಪ್ಲಮ್ ಹಣ್ಣು ಕೀಳುತ್ತಿದ್ದಾನೆ. ಹುಡುಗಿ ಪುಸ್ತಕದಿಂದ ತಲೆಯೆತ್ತಿ ಕೂಗಿದಳು:

“ದೊಡ್ಡಮ್ಮ, ಇವನೇ ಅಲ್ವಾ?”

ನಾನು ಒಳಗೆ ಪಾತ್ರೆ ತೊಳೆಯುತ್ತಿದ್ದೆ. “ಹೌದು ಕಣೆ,” ಅಂದೆ, “ಇವನೇ.”